ಕ್ಯಾಲ್ಕ್ ಹಾಕಿ, ಆದ್ರೆ ಆ ಕೊನೇ 8 ಇವಿ ಬಿಡಿ

ಪೋಕೆಮಾನ್ ಗೇಮಲ್ಲಿ ಡಬಲ್ಸ್ (ಒಂದೊಂದು ಕಡೆ ಎರಡೆರಡು ಪೋಕೆಮಾನ್) ಆಡೋರಲ್ಲಿ ಇನ್ನೂ ಕೆಲವರು ಡ್ಯಾಮೇಜ್ ಕ್ಯಾಲ್ಕುಲೇಟರ್, ಅಂದ್ರೆ ಯಾವ ಏಟಿಗೆ ಎಷ್ಟು ಎಚ್‌ಪಿ ಹೋಗುತ್ತೆ ಅಂತ ತೋರ್ಸೋ ಕ್ಯಾಲ್ಕ್, ಯೂಸ್ ಮಾಡೋದು ಕಾಪಿ ಹೊಡ್ದಂಗೆ ಅಂತಾರೆ, ನಂಗಿದು ಸುತಾರಾಂ ಒಪ್ಪಿಗೆ ಇಲ್ಲ. ಅಫಿಷಿಯಲ್ ಟೂರ್ನಮೆಂಟಲ್ಲಿ ಎದುರುಬದುರು ಕೂತ್ಮೇಲೆ ಫೋನ್ ಮುಟ್ಟೋ ಹಾಗಿಲ್ಲ, ಅಂದ್ಮೇಲೆ ಲೆಕ್ಕ ಎಲ್ಲ ಮನೇಲೇ ಮಾಡಿ ತಲೇಲಿ ಇಟ್ಕೊಂಡು ಹೋಗ್ಬೇಕು, ಅದು ಓದು, ಮೋಸ ಅಲ್ಲ. ನನ್ ತಕರಾರು ಇರೋದು ಕ್ಯಾಲ್ಕ್ ತೋರ್ಸಿದ್ದನ್ನ ನಾವು ನಂಬೋ ರೀತಿ ಬಗ್ಗೆ.

ಸ್ಕಾರ್ಲೆಟ್ ವೈಲೆಟ್‌ದೇ ಉದಾಹರಣೆ ತಗೊಳ್ಳಿ. ಲೆವೆಲ್ 50, ಜಾಲಿ ನೇಚರ್ (ಸ್ಪೀಡ್ ಏರ್ಸೋ ಸ್ವಭಾವ), ಅಟ್ಯಾಕ್‌ಗೆ 252 ಇವಿ (ಸ್ಟ್ಯಾಟ್ ಏರ್ಸೋಕೆ ನಾವು ಹಂಚೋ ಪಾಯಿಂಟ್) ಇರೋ ಗಾರ್ಚಾಂಪ್ ಅನ್ನೋ ಪೋಕೆಮಾನ್, ಐಟಂ ಲೆಕ್ಕಕ್ಕೆ ಬೇಡ, ಅರ್ಥ್‌ಕ್ವೇಕ್ ಹೊಡೀತಿದೆ. ಎದುರಿಗೆ ಇನ್ಸಿನರೋರ್, 252 ಇವಿ ಹಾಕಿ ಎಚ್‌ಪಿ 202, ಡಿಫೆನ್ಸ್‌ಗೆ ಏನೂ ಹಾಕಿಲ್ಲ. ಡಬಲ್ಸಲ್ಲಿ ಎಲ್ರಿಗೂ ಬೀಳೋ ಮೂವ್ ಆದ್ರಿಂದ ಮುಕ್ಕಾಲೇ ಡ್ಯಾಮೇಜು, ಆದ್ರೂ 138ರಿಂದ 164 ಹೋಗುತ್ತೆ, ಎರಡನೇ ಏಟಿಗೆ ಕಥೆ ಮುಗೀತು. ಇನ್ಸಿನರೋರ್ ಇಂಟಿಮಿಡೇಟ್ (ಎದುರಾಳಿ ಅಟ್ಯಾಕ್ ಇಳ್ಸೋ ಎಬಿಲಿಟಿ) ಬಿದ್ರೆ ಅದೇ 92ರಿಂದ 110ಕ್ಕೆ ಇಳಿಯುತ್ತೆ. ಪ್ರತಿ ಸಲ 85ರಿಂದ 100 ಪರ್ಸೆಂಟ್ ಒಳಗಿನ 16 ರೋಲಲ್ಲಿ ಯಾವ್ದೋ ಒಂದು ಬರೋದ್ರಿಂದ, ಎರಡು ಏಟಿಗೆ ಬೀಳೋ ಚಾನ್ಸ್ 256ರಲ್ಲಿ 127, ಹೆಚ್ಚೂಕಡಿಮೆ ಅರ್ಧಕ್ಕರ್ಧ.

ಈಗ ಡಿಫೆನ್ಸ್‌ಗೆ 100 ಇವಿ ಹಾಕಿ, ಸ್ಟ್ಯಾಟ್ 123 ಆಗುತ್ತೆ, ಎರಡ್ಸಲಾನೂ ಮ್ಯಾಕ್ಸ್ ರೋಲ್ ಬಂದ್ರೆ ಮಾತ್ರ 204, ಅಂದ್ರೆ 256ರಲ್ಲಿ 1. ಆ ಒಂದಕ್ಕೆ ಹೆದರಿ ಇನ್ನೂ 8 ಇವಿ ಸುರಿದು 124 ಮಾಡ್ಕೊಂಡು ಗ್ಯಾರಂಟಿ ಆಯ್ತು ಅಂತಾರಲ್ಲ, ಅಲ್ಲೇ ನಂಗೆ ಹೊಟ್ಟೆ ಉರಿಯೋದು. ಆ ಗ್ಯಾರಂಟಿಲಿ ಕ್ರಿಟ್ (ಅದೃಷ್ಟಕ್ಕೆ ಬೀಳೋ ಜೋರು ಏಟು) ಲೆಕ್ಕ ಇಲ್ಲ ಕಣ್ರೀ! ಪ್ರತಿ ಏಟಿಗೂ 24ರಲ್ಲಿ 1 ಕ್ರಿಟ್ ಚಾನ್ಸ್ ಇದೆ, ಬಿತ್ತು ಅಂದ್ರೆ ಇಂಟಿಮಿಡೇಟ್ ಇಳ್ಸಿದ್ದೂ ವೇಸ್ಟ್, ಡಿಫೆನ್ಸ್ 123 ಇದ್ರೂ ಒಂದೇ ಏಟಿಗೆ 188ರಿಂದ 224.

ಇನ್ನೊಂದು ವಿಷ್ಯ, ಇದು ಯಾರೂ ಹೇಳಲ್ಲ. ಓಪನ್ ಟೀಮ್ ಶೀಟಲ್ಲಿ (ಎದುರಾಳಿಗೆ ತೋರ್ಸೋ ಟೀಮ್ ಪಟ್ಟಿ) ಐಟಂ, ಮೂವ್, ಟೆರಾ ಟೈಪ್ ಎಲ್ಲ ಕಾಣ್ಸುತ್ತೆ, ಇವಿ ನೇಚರ್ ಕಾಣ್ಸಲ್ಲ. ಜಾಲಿ ಅಂದ್ಕೊಂಡಿದ್ದ ಗಾರ್ಚಾಂಪ್ ಅಡಮಂಟ್ (ಅಟ್ಯಾಕ್ ಏರ್ಸೋ ನೇಚರ್) ಆಗಿದ್ರೆ? ಹಾಕಿ ನೋಡಿ, 123 ಇರ್ಲಿ 124 ಇರ್ಲಿ, ಇಂಟಿಮಿಡೇಟ್ ಆದ್ಮೇಲೂ ಮತ್ತೆ ಅದೇ 92ರಿಂದ 110, ಅದೇ ಅರ್ಧಕ್ಕರ್ಧ. ಅದಕ್ಕೇ ಎದುರಾಳಿ ಬಗ್ಗೆ ನಾವು ಊಹೆ ಮಾಡಿ ತುಂಬೋ ಕಾಲಂನ ಒಂದೆರಡ್ಸಲ ಬದಲಾಯಿಸಿ ನೋಡ್ದೆ ಸ್ಪ್ರೆಡ್ (ಇವಿ ಹಂಚಿಕೆ) ಫೈನಲ್ ಮಾಡ್ಬೇಡಿ ಅಂತ ಹೊಸಬ್ರಿಗೆ ಹೇಳ್ತಾನೇ ಇರ್ತೀನಿ. ಆ 8 ಇವಿ ಸ್ಪೀಡ್‌ಗೆ ಹಾಕಿ, ಒಂದು ಪಾಯಿಂಟ್ ಜಾಸ್ತಿ ಆಗುತ್ತೆ, ಎದುರಿಗೂ ಇನ್ಸಿನರೋರ್ ಬಂದಾಗ ಯಾರ ಫೇಕ್ ಔಟ್ (ಎದುರಾಳಿ ಆ ಟರ್ನ್ ಆಡದಂಗೆ ಮಾಡೋ ಮೂವ್) ಮೊದ್ಲು ಅನ್ನೋದು ಎಷ್ಟೋ ಸಲ ಆ ಒಂದು ಪಾಯಿಂಟಲ್ಲೇ ಇರುತ್ತೆ.