ಡಬ್ಬ ಗುಡಿಸಿದ ಬಾಬ್ತು

ಕಡಲಿಲ್ಲದ ದೇಶಗಳ ಕಷ್ಟ ಕೇಳಲು ವಿಶ್ವಸಂಸ್ಥೆ ಕಡಲ ತೀರದಲ್ಲೇ ಸಮ್ಮೇಳನ ನಡೆಸಿದ್ದು ನೆನಪಿದೆ ಅಲ್ವಾ? 2025ರ ಆಗಸ್ಟ್, ತುರ್ಕಮೆನಿಸ್ತಾನದ ಅವಾಜಾ. ಹೋಟೆಲು, ಮರಳು, ಅಲೆ, ಎಲ್ಲವೂ ಉಂಟು. ತುರ್ಕಮೆನಿಸ್ತಾನಕ್ಕೇ ಕಡಲಿಲ್ಲವಲ್ಲ, ಇದೆಲ್ಲಿಂದ ಬಂತು ಅಂತ ನಕಾಶೆ ತೆಗೆದರೆ ಅದು ಕ್ಯಾಸ್ಪಿಯನ್. ಹೆಸರಿಗೆ ಸಮುದ್ರ, ಸುತ್ತಲೂ ನೆಲ. ಅಲ್ಲಿಂದ ಹಡಗು ಹೊರಗೆ ಹೋಗಬೇಕಾದರೆ ರಷ್ಯಾದ ವೋಲ್ಗಾ ನದಿ ಹತ್ತಬೇಕು, ಆಮೇಲೆ ರಷ್ಯಾದ ಕಾಲುವೆ ಹಿಡಿಯಬೇಕು. ಅಂದರೆ ಆ ಸಮುದ್ರಕ್ಕೇ ಟ್ರಾನ್ಸಿಟ್, ಅಂದರೆ ಬೇರೆಯವರ ನೆಲ ಹಾದು ಹೋಗುವ ದಾರಿ, ಬೇಕು! ಕಡಲಿಲ್ಲದ 32 ಅಭಿವೃದ್ಧಿಶೀಲ ದೇಶಗಳ ಗೋಳನ್ನು ದಾರಿಯಿಲ್ಲದ ಕಡಲಿನ ಎದುರು ಓದಿ ಹೇಳಿದರು. ಜಾಗ ಆರಿಸಿದವರಿಗೆ ನನ್ನ ಸಾಷ್ಟಾಂಗ.

ನಮ್ಮ ಹಳ್ಳಿಯವರಿಗೆ ಈ ವಿಷಯ ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಹೊಲದವನ ಗಾಡಿ ಮುಂದಿನ ಹೊಲ ದಾಟಿಯೇ ಹೋಗಬೇಕು. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಇದೆ. ಹೊಲದಲ್ಲಿ ನೋಡಿದರೆ ಅಲ್ಲಿ ತೊಗರಿ ನಿಂತಿದೆ. ಕೇಳಿದರೆ, "ದಾರಿ ಕೊಡಲ್ಲ ಅಂದೆನಾ ಅಣ್ಣಾ? ಸುಗ್ಗಿ ಮುಗೀಲಿ ತಡಿ." ಹಿಂದಿನ ಹೊಲದವನ ಸುಗ್ಗಿಯೂ ಅದೇ ವಾರ.

1982ರ ಸಮುದ್ರ ಕಾನೂನಿನ ಒಪ್ಪಂದವೂ ಇಂಥದ್ದೇ ಒಂದು ನಕಾಶೆ. ಕಡಲಿಲ್ಲದವನಿಗೂ ಕಡಲಿಗೆ ಹೋಗಿ ಬರುವ ಹಕ್ಕಿದೆ ಎನ್ನುತ್ತದೆ ಅದರ 125ನೇ ವಿಧಿ. ಹಾದು ಹೋಗುವ ಸರಕಿಗೆ ಸುಂಕ ಕೇಳಬೇಡಿ, ಮಾಡಿಕೊಟ್ಟ ಸೇವೆಗೆ ಮಾತ್ರ ದುಡ್ಡು ತಗೊಳ್ಳಿ ಎನ್ನುತ್ತದೆ 127ನೇ ವಿಧಿ. ಆ "ಸೇವೆ" ಅನ್ನೋ ಪದ ಸೇರಿಸಿದ ಪುಣ್ಯಾತ್ಮ ಯಾರೋ, ಪ್ರತಿ ಬಂದರಿನ ಬಾಗಿಲಲ್ಲೂ ಅವನದೊಂದು ಪ್ರತಿಮೆ ನಿಲ್ಲಿಸಬೇಕು.

ನೇಪಾಳದ ಬೀರ್‌ಗಂಜ್‌ನ ಸಾಹುಜಿಯೊಬ್ಬರು ಚೀನಾದಿಂದ ಒಂದು ಕಂಟೇನರ್ ಫ್ಯಾನು ತರಿಸಿದರು ಅಂತಿಟ್ಟುಕೊಳ್ಳಿ. ಚೀನಾ ಪಕ್ಕದ ಮನೆಯೇ, ಆದರೆ ಗೋಡೆ ಹಿಮಾಲಯ. ಹಾಗಾಗಿ ಫ್ಯಾನು ಹಡಗು ಹತ್ತಿ ಸಿಂಗಾಪುರಕ್ಕೋ ಕೊಲಂಬೊಗೋ ಬಂದು, ಅಲ್ಲಿ ಇಳಿದು ಸಣ್ಣ ಹಡಗು ಹತ್ತುತ್ತದೆ. ಯಾಕೆಂದರೆ ಕೋಲ್ಕತ್ತಾ ಇರುವುದು ಕಡಲಲ್ಲಿ ಅಲ್ಲ, ಹೂಗ್ಲಿ ನದಿಯಲ್ಲಿ. ಹೂಳು ಜಾಸ್ತಿ, ದೊಡ್ಡ ಹಡಗು ಬರಲ್ಲ. ಕೋಲ್ಕತ್ತಾದಿಂದ ಮತ್ತೆ ಸುಮಾರು 700 ಕಿಲೋಮೀಟರ್ ರೈಲು.

ಸೇವೆ ಶುರುವಾಗುವುದು ಇಲ್ಲಿ. ಡಬ್ಬ, ಅಂದರೆ ಆ ಕಂಟೇನರ್, ಇಳಿಸಿದ್ದಕ್ಕೆ ಚಾರ್ಜು. ಸರಕು ಬಿಡಿಸಿಕೊಳ್ಳಲು ಡೆಲಿವರಿ ಆರ್ಡರ್ ಎಂಬ ಒಂದು ಹಾಳೆ ಕೊಟ್ಟಿದ್ದಕ್ಕೆ ಚಾರ್ಜು. ಉಚಿತ ದಿನ ಮುಗಿದ ಮೇಲೂ ಯಾರ್ಡಿನಲ್ಲಿ ಕೂತರೆ ಬಂದರಿಗೆ ನೆಲಬಾಡಿಗೆ. ಡಬ್ಬ ವಾಪಸ್ ಕೊಡಲು ತಡವಾದರೆ ಹಡಗು ಕಂಪನಿಗೆ ಡಿಟೆನ್ಷನ್ ಎಂಬ ತಡದ ಬಾಡಿಗೆ. ದಿನ ಹೋದ ಹಾಗೆ ಅದರ ದರವೂ ಏರುತ್ತದೆ. ತಡ ಮಾಡಿದ್ದು ಯಾರು? ಗೂಡ್ಸ್ ರೈಲು ಸಿಗಲಿಲ್ಲ. ಸಿಕ್ಕಿತು, ಕಾಗದದಲ್ಲಿ ಒಂದು ಅಂಕಿ ತಪ್ಪಿತ್ತು. ತಿದ್ದಿಸಿದರು, ಅಷ್ಟರಲ್ಲಿ ರಜೆ ಬಂತು. ಇದರಲ್ಲಿ ಸಾಹುಜಿ ಮಾಡಿದ್ದೇನೂ ಇಲ್ಲ, ದುಡ್ಡು ಕಟ್ಟಿದ್ದು ಬಿಟ್ಟರೆ.

ನನ್ನ ತಂಗಿ ಮದುವೆಯಲ್ಲಿ ಶಾಮಿಯಾನ ಅಂಗಡಿಯಿಂದ ಕೊಪ್ಪರಿಗೆ, ಸೌಟು, ಬಕೆಟ್ಟು ಬಾಡಿಗೆಗೆ ತಂದಿದ್ದೆವು. ಮಾರನೇ ದಿನ ಟೆಂಪೊ ಕಳಿಸ್ತೀನಿ ಅಂದಿದ್ದ ಅಂಗಡಿಯವನು. ಕಳಿಸಿದ್ದು ನಾಲ್ಕನೇ ದಿನ. ಬಿಲ್ಲಲ್ಲಿ ನಾಲ್ಕೂ ದಿನದ ಬಾಡಿಗೆ ಇತ್ತು. "ನಿನ್ನ ಟೆಂಪೊನೇ ಬರಲಿಲ್ಲವಲ್ಲೋ ಮಾರಾಯ" ಅಂದರು ಅಪ್ಪ. "ಪಾತ್ರೆ ನಿಮ್ಮ ಮನೇಲೇ ಇತ್ತಲ್ಲಾ ಯಜಮಾನ್ರೇ" ಅಂದ. ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವ ಹಾಗೆ ತಿಕ್ಕಿಟ್ಟಿದ್ದ ಕೊಪ್ಪರಿಗೆಗೆ "ತೊಳೆದ ಬಾಬ್ತು" ಅಂತ ಬೇರೆ ಬರೆದಿದ್ದ. ಆ ಹುಡುಗ ಸಣ್ಣ ಊರಲ್ಲಿ ಕೂತು ಹಾಳಾದ. ಹಡಗು ಕಂಪನಿಯಲ್ಲಿ ಇರಬೇಕಿತ್ತು.

ನೇಪಾಳ ಸುಮ್ನೆ ಕೂತಿಲ್ಲ ಬಿಡಿ. ನಮ್ಮದೇ ಬಾವುಟದ ಹಡಗು ಬಿಡ್ತೀವಿ ಅಂದರು ಆಗಿನ ಪ್ರಧಾನಿ ಓಲಿ. 2019ರಲ್ಲಿ ಕಠ್ಮಂಡು ಕಣಿವೆಯಲ್ಲಿ ಹಡಗು ಕಚೇರಿಯೇ ತೆರೆಯಿತು. ಹಡಗಿರಲಿಲ್ಲ, ಕಚೇರಿ ಇತ್ತು. ನಗಬೇಡಿ, ಬೊಲಿವಿಯಾದವರು ಇನ್ನೂ ಮುಂದೆ ಹೋಗಿದ್ದಾರೆ. 1879ರಲ್ಲಿ ಶುರುವಾದ ಯುದ್ಧದಲ್ಲಿ ಅವರು ಕರಾವಳಿಯನ್ನೆಲ್ಲ ಚಿಲಿಗೆ ಕಳೆದುಕೊಂಡರು. ನೌಕಾಪಡೆಯನ್ನು ಮಾತ್ರ ಬಿಟ್ಟಿಲ್ಲ. ಟಿಟಿಕಾಕಾ ಸರೋವರದಲ್ಲಿ ಕವಾಯತು ಮಾಡುತ್ತಾರೆ, ಅಡ್ಮಿರಲ್‌ಗಳಿದ್ದಾರೆ, ಪ್ರತಿ ಮಾರ್ಚ್ 23ಕ್ಕೆ ಕಡಲ ದಿನ ಆಚರಿಸುತ್ತಾರೆ. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೂ ಹೋದರು. ಮಾತುಕತೆಗೆ ಕೂರಲೇಬೇಕು ಅಂತ ಚಿಲಿಗೆ ಹೇಳೋಕೆ ಆಗಲ್ಲ ಅಂತ 2018ರಲ್ಲಿ ತೀರ್ಪು ಬಂತು. ಮುಂದಿನ ಮಾರ್ಚ್‌ನಲ್ಲಿ ಮತ್ತೆ ಕಡಲ ದಿನ.

ಓಲಿಯವರು ಇನ್ನೊಂದು ವರಸೆಯನ್ನೂ ಹಾಕಿದ್ದರು. ತರಕಾರಿ ಚೌಕಾಸಿ ಮಾಡುವಾಗ "ಆ ಕಡೆ ಅಂಗಡೀಲಿ ಕೇಳ್ತೀನಿ ಬಿಡು" ಅಂತೀವಲ್ಲ, ಅದು. ಚೀನಾದ ಬಂದರು ಬಳಸಲು 2016ರಲ್ಲಿ ಅವರ ಜತೆ ಒಪ್ಪಂದ, 2019ರಲ್ಲಿ ಅದರ ನಿಯಮಾವಳಿ, ನಾಲ್ಕು ಬಂದರುಗಳ ಹೆಸರು. ಅದರಲ್ಲಿ ಒಂದು ಟಿಯಾನ್‌ಜಿನ್. ನೇಪಾಳದ ಗಡಿಯಿಂದ 3,000 ಕಿಲೋಮೀಟರಿಗೂ ಜಾಸ್ತಿ. ಆ ಕಡೆ ಅಂಗಡಿ ಎಷ್ಟು ದೂರ ಅಂತ ಈ ಕಡೆಯವನಿಗೆ ಚೆನ್ನಾಗಿ ಗೊತ್ತು.

ಈ ಕಡೆಯವರು ಅಂದರೆ ನಾವೇ. 2015ರ ಏಪ್ರಿಲ್‌ನಲ್ಲಿ ನೇಪಾಳದಲ್ಲಿ ಭೂಕಂಪ. ಸೆಪ್ಟೆಂಬರ್‌ನಿಂದ ಮುಂದಿನ ಫೆಬ್ರವರಿವರೆಗೆ ಭಾರತದ ಗಡಿಯಲ್ಲಿ ಸರಕಿಗೆ ತಡೆ. ಧರಣಿ ಕೂತವರು ಅವರದೇ ದಕ್ಷಿಣ ಬಯಲಿನ ಮಧೇಶಿಗಳು, ನಾವಲ್ಲ ಅಂದಿತು ದೆಹಲಿ. ನೀವೇ ಅಂದಿತು ಕಠ್ಮಂಡು. ಯಾರಾದರೂ ಇರಲಿ. ತಗಡಿನ ಶೆಡ್ಡಲ್ಲಿ ಚಳಿಗಾಲ ಕಳೆಯುತ್ತಿದ್ದವರಿಗೆ ಗ್ಯಾಸ್ ಇಲ್ಲ, ಔಷಧಿ ಇಲ್ಲ, ಸೌದೆ ಹಚ್ಚಿ ಅನ್ನ ಬೇಯಿಸಿದರು. ಆ ತಿಂಗಳುಗಳಲ್ಲೂ ಕೋಲ್ಕತ್ತಾದಲ್ಲಿ ಅವರ ಕಂಟೇನರ್‌ಗಳ ಬಾಡಿಗೆ ಮೀಟರ್ ಓಡುತ್ತಿತ್ತು. ದಾರಿ ಇರಲಿಲ್ಲ, ದಾರಿಯಲ್ಲಿ ನಿಂತದ್ದಕ್ಕೆ ಬಿಲ್ಲು ಇತ್ತು. ಇದನ್ನು ತಮಾಷೆ ಮಾಡಿ ಬರೆಯೋಣ ಅಂತ ಎರಡು ಸಲ ಕೂತೆ. ಆಗಲಿಲ್ಲ. ಅದನ್ನೂ ಸೇವೆ ಅಂತ ಕರೆದವರಿಗೆ ನಾಚಿಕೆಯಾಗಬೇಕಿತ್ತು, ಅಷ್ಟೇ.

ಇರಲಿ. ಸಾಹುಜಿಯ ಫ್ಯಾನು ಬೀರ್‌ಗಂಜ್‌ನಲ್ಲಿ ಇಳಿಯಿತು. ನೇಪಾಳ ತರಿಸುವುದು ಬಹಳ, ಕಳಿಸುವುದು ಸ್ವಲ್ಪ. ಹಾಗಾಗಿ ಡಬ್ಬ ವಾಪಸ್ ಹೋಗುವಾಗ ಖಾಲಿ, ಬಾಡಿಗೆ ಮಾತ್ರ ಎರಡೂ ಕಡೆಯದು. ಕೋಲ್ಕತ್ತಾ ಯಾರ್ಡಿನಲ್ಲಿ ಒಬ್ಬ ಬಾಗಿಲು ತೆಗೆದು ಒಳಗೆ ಟಾರ್ಚ್ ಬಿಡುತ್ತಾನೆ. ಮೂಲೆಯಲ್ಲಿ ಎರಡು ಚೂರು ಥರ್ಮಾಕೋಲ್. ಚೀಟಿ ತೆಗೆದು ಬರೆಯುತ್ತಾನೆ: ಗುಡಿಸಿದ ಬಾಬ್ತು. ಹೊರಗೆ ಬಂದು ಡಬ್ಬದ ಪಕ್ಕೆಯ ಮೇಲೆ ಕೈಯಾಡಿಸುತ್ತಾನೆ.

"ಇಲ್ಲೊಂದು ತಗ್ಗು ಇದೆಯಲ್ಲಾ..."