ಬೈದರೂ ವಿಷಯ ಬಿಡಲಿಲ್ಲ

ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಾಪಾ, ಹಾಡಿನ ಪದಗಳಿಗೆ ಸೆನ್ಸಾರ್ ಬೇಕೇ ಅನ್ನುವ ಬಗ್ಗೆ ಸಿಎನ್‌ಎನ್ ಟಿವಿಯ ಚರ್ಚಾ ಕಾರ್ಯಕ್ರಮ ‘ಕ್ರಾಸ್‌ಫೈರ್’ನಲ್ಲಿ ಕೊನೆವರೆಗೂ ತಾಳ್ಮೆ ಕಳೆದುಕೊಳ್ಳಲಿಲ್ಲ, ಅದಕ್ಕೇ ಗೆದ್ದರು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಸರಿ ಸಾರ್. 1986ರ ಆ ಕಾರ್ಯಕ್ರಮ ಇನ್ನೊಂದು ಸಲ ನೋಡಿ. ಎದುರಿಗೆ ಕೂತ ಅಂಕಣಕಾರ ಜಾನ್ ಲಾಫ್ಟನ್‌ಗೆ ಒಂದು ಹಂತದಲ್ಲಿ ಮುಖಕ್ಕೇ ಬೈದುಬಿಡುತ್ತಾರೆ! ಬೈದ ಮೇಲೂ ವಿಷಯ ಬಿಡಲಿಲ್ಲ, ನನಗೆ ಹಿಡಿಸಿದ್ದು ಅದು. ಹಾಡಿನಲ್ಲಿರುವುದು ಬರೀ ಪದಗಳು, ಅದಕ್ಕೆ ಸರ್ಕಾರ ಯಾಕೆ ಕೈ ಹಾಕಬೇಕು ಅನ್ನುವಲ್ಲೇ ಗಟ್ಟಿಯಾಗಿ ನಿಂತರು.

ಸುಮ್ನೆ ಬಾಯಿಗೆ ಬಂದ ಮಾತೂ ಅಲ್ಲ ಅದು. 1985ರ ಸೆಪ್ಟೆಂಬರ್‌ನಲ್ಲೇ, ಹಾಡಿನಲ್ಲಿ ಅಶ್ಲೀಲ ಪದಗಳಿವೆ ಅಂತ ಆಲ್ಬಮ್‌ಗಳಿಗೆ ಎಚ್ಚರಿಕೆ ಚೀಟಿ ಅಂಟಿಸುವ ಬಗ್ಗೆ ಅಮೆರಿಕದ ಸೆನೆಟ್ ಸಮಿತಿ ಮುಂದೆ, ಬರೆದುಕೊಂಡು ಹೋಗಿ ವಾದ ಮಾಡಿದ್ದರು. ತಯಾರಿ ಇತ್ತು. ನಮ್ಮ ಟಿವಿ ಚರ್ಚೆಗಳಲ್ಲಿ ಕಾಣದೇ ಇರೋದೂ ಅದೇ ಅಲ್ವಾ?

ಇಲ್ಲಿ ಹಾಸನದಲ್ಲಿ ನಮ್ಮ ಗೆಳೆಯರ ಗುಂಪಿನಲ್ಲಿ ಜಾಪಾ ಗಿಟಾರ್ ಕೇಳಿ ಅಭಿಮಾನಿ ಆದವರಿಗಿಂತ ಮಾತು ಕೇಳಿ ಆದವರೇ ಜಾಸ್ತಿ. (ಅವರ ಹಾಡು ಎಷ್ಟೋ ನನ್ನ ತಲೆಗೆ ಇನ್ನೂ ಹತ್ತಿಲ್ಲ, ಅದು ಬಿಡಿ.)

ತಣ್ಣಗೆ ಮಾತಾಡಿದ ಜಾಪಾ ಬೇಕಿದ್ದರೆ 1993ರ ಎನ್‌ಬಿಸಿ ಟಿವಿ ಸಂದರ್ಶನ ಇದೆ. ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ತನ್ನನ್ನು ಜನ ನೆನಪಿಡುವುದೇನೂ ಮುಖ್ಯ ಅಲ್ಲ ಅಂತ ಅದರಲ್ಲಿ ಹೇಳುತ್ತಾರೆ. ನಿಮ್ಮ ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ, ಯಾಕೆ?