ದಾಯಾದಿಗಳು ಬೇಕಾಗಿದ್ದಾರೆ

ಅಮೆರಿಕದಲ್ಲಿ 'ಬಿಗ್ ಟೆನ್' ಎಂಬ ಕಾಲೇಜು ಕ್ರೀಡಾ ಒಕ್ಕೂಟವಿದೆ. ಅದರಲ್ಲಿ 18 ವಿಶ್ವವಿದ್ಯಾಲಯಗಳಿವೆ. 'ಬಿಗ್ ಟ್ವೆಲ್ವ್' ಎಂಬ ಇನ್ನೊಂದು ಒಕ್ಕೂಟದಲ್ಲಿ 16 ಇವೆ. ಪೆಸಿಫಿಕ್ ಸಾಗರದ ಮಗ್ಗುಲಲ್ಲಿರುವ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು 2024ರಿಂದ 'ಅಟ್ಲಾಂಟಿಕ್ ಕೋಸ್ಟ್' ಒಕ್ಕೂಟದಲ್ಲಿ ಆಡುತ್ತಿವೆ. ಎಣಿಸಬಲ್ಲವರನ್ನೂ ನಕ್ಷೆ ಓದಬಲ್ಲವರನ್ನೂ ಸಂಬಳ ಕೊಟ್ಟು ಇಟ್ಟುಕೊಂಡಿರುವ ಪ್ರತಿಷ್ಠಿತ ವಿದ್ಯಾಸಂಸ್ಥೆಗಳಿವು ಎಂಬುದನ್ನು ಓದುಗರು ಮರೆಯಬಾರದು. ಆದರೆ ಈ ಲೆಕ್ಕ ಹಾಕಿದವರು ಪ್ರಾಧ್ಯಾಪಕರಲ್ಲ, ಟೆಲಿವಿಷನ್ ಕಂಪನಿಗಳವರು. ಬಿಗ್ ಟೆನ್ 2022ರಲ್ಲಿ ಮಾಡಿಕೊಂಡ ಪ್ರಸಾರ ಒಪ್ಪಂದದ ಮೊತ್ತ ಏಳು ವರ್ಷಕ್ಕೆ ಸುಮಾರು 700 ಕೋಟಿ ಡಾಲರ್. ಅಷ್ಟು ದುಡ್ಡು ಎದುರಿಗಿದ್ದಾಗ ಹತ್ತು ಎನ್ನುವುದು ಹದಿನೆಂಟಾಗುವುದೇನೂ ಹೆಚ್ಚಲ್ಲ.

ಹೀಗೆ ಒಕ್ಕೂಟಗಳು ಊದಿಕೊಳ್ಳುತ್ತಾ ಹೋದಾಗ ಒಂದು ಸಣ್ಣ ತೊಂದರೆ ಎದುರಾಯಿತು. ಲಾಸ್ ಏಂಜಲೀಸ್‌ನ ತಂಡಕ್ಕೂ ನ್ಯೂಜೆರ್ಸಿಯ ತಂಡಕ್ಕೂ ಅಮೆರಿಕನ್ ಫುಟ್‌ಬಾಲ್ ಪಂದ್ಯ ಗೊತ್ತು ಮಾಡುವುದು ಸುಲಭ, ಆದರೆ ಗಡಿಯಾರದಲ್ಲಿ ಮೂರು ಗಂಟೆಯಷ್ಟು ಅಂತರದಲ್ಲಿರುವ ಆ ಎರಡು ಊರಿನವರಿಗೆ ಒಬ್ಬರನ್ನೊಬ್ಬರು ದ್ವೇಷಿಸಲು ಕಾರಣವೇ ಇಲ್ಲ. ಪ್ರೇಕ್ಷಕರು ರಾತ್ರಿ ನಿದ್ದೆಗೆಟ್ಟು ನೋಡಬೇಕಾದರೆ ಹಗೆ ಬೇಕು, ಹಗೆಗೆ ಇತಿಹಾಸ ಬೇಕು, ಮತ್ತು ಇತಿಹಾಸವೋ ಮುಂದಿನ ಋತುವಿನೊಳಗೆ ಸಿದ್ಧವಾಗಬೇಕು. ಆದಕಾರಣ ವೀಕ್ಷಕ ವಿವರಣೆಕಾರರು ಈಗ ಪ್ರತಿ ಶನಿವಾರವೂ ಯಾವುದೋ ಎರಡು ತಂಡಗಳ ನಡುವೆ 'ಐತಿಹಾಸಿಕ ವೈರ'ವನ್ನು ಕಂಡುಹಿಡಿಯುತ್ತಿದ್ದಾರೆ. ನಿಜವಾದ ಜಿದ್ದಾಜಿದ್ದಿ ಎಂದರೆ ಯಾವುದು ಎಂದು ನಿರ್ಧರಿಸಲು ತಜ್ಞರು ಕುಳಿತಿದ್ದಾರೆ. ಸೋಲು ಗೆಲುವುಗಳು ಸಮವಾಗಿರಬೇಕು, ಅಂಕಗಳ ಅಂತರ ಕಡಿಮೆ ಇರಬೇಕು, ಎರಡೂ ತಂಡಗಳು ಶ್ರೇಯಾಂಕದಲ್ಲಿರಬೇಕು ಎಂದೆಲ್ಲ ಅವರು ಕೋಷ್ಟಕ ಹಾಕಿ ತೋರಿಸುತ್ತಾರೆ.

ಈ ಕೋಷ್ಟಕವನ್ನು ಒಕ್ಲಹೋಮ ರಾಜ್ಯದವರ ಮುಂದೆ ಹಿಡಿದು ನೋಡಬೇಕು. ಅಲ್ಲಿನ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳ ನಡುವಣ ಪಂದ್ಯಗಳಲ್ಲಿ ಒಕ್ಲಹೋಮ 91 ಗೆದ್ದಿದೆ, ಒಕ್ಲಹೋಮ ಸ್ಟೇಟ್ 20 ಗೆದ್ದಿದೆ, 7 ಸಮವಾಗಿವೆ. ತಜ್ಞರ ಪ್ರಕಾರ ಇದು ಜಿದ್ದಾಜಿದ್ದಿಯೇ ಅಲ್ಲ, ಏಕಪಕ್ಷೀಯ ಹೊಡೆತ. ಆದರೆ ಒಕ್ಲಹೋಮ ಬೇರೆ ಒಕ್ಕೂಟಕ್ಕೆ ಹೊರಟು ನಿಂತಿದ್ದ 2023ರ ಕೊನೆಯ ಪಂದ್ಯದಲ್ಲಿ 27–24ರಿಂದ ಗೆದ್ದ ಒಕ್ಲಹೋಮ ಸ್ಟೇಟ್‌ನ ಹುಡುಗರು ಮೈದಾನಕ್ಕೆ ನುಗ್ಗಿ ಗೋಲ್‌ಪೋಸ್ಟನ್ನೇ ಕಿತ್ತರು. ತೊಂಬತ್ತೊಂದು ಸಲ ಸೋತವನಿಗೆ ಇಪ್ಪತ್ತನೆಯ ಗೆಲುವು ಎಷ್ಟು ಸಿಹಿ ಎಂಬುದಕ್ಕೆ ಕೋಷ್ಟಕದಲ್ಲಿ ಕಾಲಂ ಇಲ್ಲ. ನೋಟರ್ ಡೇಮ್ ವಿಶ್ವವಿದ್ಯಾಲಯದ ವಿರುದ್ಧ ನೌಕಾ ಅಕಾಡೆಮಿಯ ತಂಡ 1964ರಿಂದ 2006ರವರೆಗೆ ಸತತವಾಗಿ 43 ಬಾರಿ ಸೋತಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ತನ್ನ ಆವರಣದಲ್ಲಿ ತರಬೇತಿ ಕೇಂದ್ರ ನಡೆಸಿ ಕಷ್ಟಕಾಲದಲ್ಲಿ ಕಾಪಾಡಿದ ನೌಕಾಪಡೆಯ ಋಣ ತೀರಿಸುವುದಕ್ಕೆಂದು ನೋಟರ್ ಡೇಮ್ ಅದರೊಂದಿಗೆ ಆಡುತ್ತಲೇ ಇತ್ತು. ಋಣ ತೀರಿಸುವ ವಿಧಾನ ಪ್ರತಿವರ್ಷ ಹೊಡೆಯುವುದೇ ಆದರೂ ಭಾವನೆ ದೊಡ್ಡದು. 2007ರಲ್ಲಿ ಮೂರು ಹೆಚ್ಚುವರಿ ಅವಧಿಗಳವರೆಗೆ ಎಳೆದ ಪಂದ್ಯವನ್ನು ನೌಕಾಪಡೆ 46–44ರಿಂದ ಗೆದ್ದಾಗ, ಹಿಂದಿನ ನಲವತ್ತಮೂರು ಸೋಲುಗಳೂ ಆ ಒಂದು ಸಂಜೆಗಾಗಿ ಕೂಡಿಟ್ಟ ಚೀಟಿಯ ಕಂತುಗಳಂತೆ ಕಂಡವು.

ತಜ್ಞರಿಗೆ ಸಿಗದ ಪದ ನಮ್ಮಲ್ಲಿದೆ. ಅದು ದಾಯಾದಿತನ. ಗೋಡೆಗೆ ಗೋಡೆ ತಾಗಿರಬೇಕು, ಬದುವಿನ ತಕರಾರಿರಬೇಕು, ಮದುವೆ ಮುಂಜಿಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂರುವ ಅನಿವಾರ್ಯತೆ ಇರಬೇಕು. ಒಹಾಯೊ ಮತ್ತು ಮಿಷಿಗನ್‌ಗಳ ನಡುವೆ ಇದ್ದದ್ದು ಅಕ್ಷರಶಃ ಬದುವಿನ ಜಗಳ. ಮೋಜಣಿಯ ತಪ್ಪಿನಿಂದಾಗಿ ಟೊಲೀಡೊ ಊರಿರುವ ಪಟ್ಟಿಯಾಕಾರದ ನೆಲ ತಮ್ಮದೆಂದು ಇಬ್ಬರೂ ಹಟ ಹಿಡಿದು 1835ರಲ್ಲಿ ದಂಡು ಕಟ್ಟಿ ಹೊರಟರು. ಆ ಮಹಾಸಮರದಲ್ಲಿ ಗಾಯಗೊಂಡವನೆಂದು ಹೆಸರಾದವನು ಮಿಷಿಗನ್ ಕಡೆಯ ಒಬ್ಬ ಡೆಪ್ಯುಟಿ ಶೆರೀಫ್. ಅವನಿಗೆ ಚಾಕು ಹಾಕಿದ ಒಹಾಯೊ ಪಕ್ಷದ ವೀರನ ಹೆಸರು ಟೂ ಸ್ಟಿಕ್ನಿ. ಅವನ ಅಣ್ಣನ ಹೆಸರು ಒನ್ ಸ್ಟಿಕ್ನಿ. ಅಪ್ಪನಾದವನು ಮಕ್ಕಳಿಗೆ ಕ್ರಮಸಂಖ್ಯೆಯನ್ನೇ ಹೆಸರಾಗಿಟ್ಟಿದ್ದ; ಇಂದಿನ ಒಕ್ಕೂಟಗಳಿಗಿಂತ ಅವನಿಗೆ ಎಣಿಕೆ ಚೆನ್ನಾಗಿ ಬರುತ್ತಿತ್ತು ಎಂದು ಒಪ್ಪಬೇಕು. ಕೊನೆಗೆ ಟೊಲೀಡೊ ಒಹಾಯೊಗೆ ಹೋಯಿತು, ಮಿಷಿಗನ್‌ಗೆ ಸಮಾಧಾನಕ್ಕೆಂದು ಉತ್ತರದ ಪರ್ಯಾಯದ್ವೀಪ ಸಿಕ್ಕಿತು, 1837ರಲ್ಲಿ ರಾಜ್ಯದ ಸ್ಥಾನವೂ ಸಿಕ್ಕಿತು. ಆಮೇಲೆ ಆ ಕಾಡುನೆಲದಲ್ಲಿ ತಾಮ್ರ ಮತ್ತು ಕಬ್ಬಿಣದ ಅದಿರು ಸಿಕ್ಕಿ, ಗೆದ್ದವರು ಯಾರು ಎಂಬ ಪ್ರಶ್ನೆ ಮತ್ತೆ ಬಾಯ್ದೆರೆಯಿತು. ಇಷ್ಟು ಸಿದ್ಧತೆಯಾದ ಅರವತ್ತು ವರ್ಷಗಳ ನಂತರ, 1897ರಲ್ಲಿ, ಅವರು ಮೊದಲ ಫುಟ್‌ಬಾಲ್ ಪಂದ್ಯ ಆಡಿದರು. ಹಗೆ ಮೊದಲು, ಚೆಂಡು ಆಮೇಲೆ; ಟೆಲಿವಿಷನ್ನಿನವರು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ.

ಈ ಆಟಕ್ಕೆ ಫುಟ್‌ಬಾಲ್ ಎಂದು ಹೆಸರಿದ್ದರೂ ಕಾಲಿಗೆ ಕೆಲಸ ಕಡಿಮೆ ಎಂದು ನಮ್ಮವರು ಹಾಸ್ಯ ಮಾಡುವುದುಂಟು. ಅಂಥವರು ಒಹಾಯೊ ಸ್ಟೇಟ್ ಮತ್ತು ಮಿಷಿಗನ್ ನಡುವಣ 1950ರ ಪಂದ್ಯದ ವರದಿಯನ್ನು ಓದಬೇಕು. ಹಿಮಬಿರುಗಾಳಿಯಲ್ಲಿ ಚೆಂಡು ಕೈಯಲ್ಲಿದ್ದರೇ ಅಪಾಯವೆಂದು ತಿಳಿದ ಎರಡೂ ತಂಡಗಳು ಒಟ್ಟು 45 ಬಾರಿ ಅದನ್ನು ಒದ್ದು ಎದುರಾಳಿಗೇ ಒಪ್ಪಿಸಿದವು. ಆಟದಲ್ಲಿ ಮುನ್ನಡೆಯ ಕನಿಷ್ಠ ಲಕ್ಷಣವಾದ 'ಫಸ್ಟ್ ಡೌನ್' ಅನ್ನು ಒಮ್ಮೆಯೂ ಗಳಿಸದ ಮಿಷಿಗನ್ 9–3ರಿಂದ ಗೆದ್ದಿತು. ಇಂಥ ಗೆಲುವಿನ ನೋವು ಸೋತವರ ಮೊಮ್ಮಕ್ಕಳವರೆಗೂ ಇಳಿದು ಬರುತ್ತದೆ.

ದಾಯಾದಿತನದ ಶುದ್ಧ ರೂಪ ನೋಡಬೇಕಾದರೆ ಅಲಬಾಮಕ್ಕೆ ಹೋಗಬೇಕು. ಅಲಬಾಮ ಮತ್ತು ಆಬರ್ನ್ ವಿಶ್ವವಿದ್ಯಾಲಯಗಳು 1907ರ ಪಂದ್ಯವನ್ನು 6–6ರಲ್ಲಿ ಮುಗಿಸಿ, ಮರುವರ್ಷದ ಪಂದ್ಯಕ್ಕೆ ಆಟಗಾರರ ದಿನಭತ್ಯೆ ಎಷ್ಟು, ಅಂಪೈರ್ ಯಾವ ಕಡೆಯವನು ಎಂದು ಮಾತುಕತೆಗೆ ಕೂತವು. ಭತ್ಯೆಯ ಲೆಕ್ಕದಲ್ಲಿದ್ದ ವ್ಯತ್ಯಾಸ 34 ಡಾಲರ್ ಎಂದು ಇಂದಿಗೂ ಹೇಳುತ್ತಾರೆ. ಈ ಮೂವತ್ತನಾಲ್ಕು ಡಾಲರಿಗಾಗಿ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳು 41 ವರ್ಷ ಒಂದರ ಮುಖ ಒಂದು ನೋಡಲಿಲ್ಲ. ನಡುವೆ ಎರಡು ಮಹಾಯುದ್ಧಗಳು ಆರಂಭವಾಗಿ ಮುಗಿದವು. ಕಡೆಗೆ ರಾಜ್ಯದ ಶಾಸನಸಭೆಯೇ 1947ರಲ್ಲಿ ನಿರ್ಣಯ ಮಾಡಿ 'ದಯವಿಟ್ಟು ಆಡಿರಪ್ಪಾ' ಎಂದು ಬುದ್ಧಿ ಹೇಳಬೇಕಾಯಿತು. 1948ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಉದ್ಯಾನವೊಂದರಲ್ಲಿ ಎರಡೂ ಕಡೆಯ ವಿದ್ಯಾರ್ಥಿ ನಾಯಕರು ಸೇರಿ, ವೈರ ಮುಗಿಯಿತೆಂಬುದರ ಗುರುತಾಗಿ ಒಂದು ಕೊಡಲಿಯನ್ನು ನಿಜವಾಗಿಯೇ ಗುಂಡಿ ತೋಡಿ ಹೂಳಿದರು. ಆ ದಿನವೇ ಅಲಬಾಮ ಆಬರ್ನನ್ನು 55–0ರಿಂದ ಸೋಲಿಸಿತು. ಕೊಡಲಿಯನ್ನು ಹೂತದ್ದು ಆಳ ಸಾಲಲಿಲ್ಲವೆಂದು ತೋರುತ್ತದೆ, ಏಕೆಂದರೆ 2010ರ ಪಂದ್ಯದಲ್ಲಿ ಆಬರ್ನ್ 24 ಅಂಕಗಳ ಹಿನ್ನಡೆಯಿಂದ ಎದ್ದು 28–27ರಿಂದ ಗೆದ್ದ ಮೇಲೆ, ಅಲಬಾಮದ ಅಭಿಮಾನಿಯೊಬ್ಬ ಆಬರ್ನ್ ಊರಿನ ಹಳೆಯ ಓಕ್ ಮರಗಳ ಬುಡಕ್ಕೆ ಕಳೆನಾಶಕ ಸುರಿದು, ತಾನೇ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ ಹೇಳಿಕೊಂಡ. ಆ ಮರಗಳು ಮಾಡಿದ್ದ ಅಪರಾಧವೆಂದರೆ, ಆಬರ್ನ್ ಗೆದ್ದಾಗಲೆಲ್ಲ ಜನ ಎಸೆದ ಟಾಯ್ಲೆಟ್ ಪೇಪರಿನ ಸುರುಳಿಗಳನ್ನು ಕೊಂಬೆಗಳಲ್ಲಿ ಧರಿಸಿ ನಿಂತದ್ದು.

ಇದೆಲ್ಲ ಕಂಡು ಹೊಟ್ಟೆ ಉರಿದುಕೊಂಡ ಹೊಸಬರೂ ಇದ್ದಾರೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಕೋಚ್ 2015ರಲ್ಲಿ, ತಮಗೂ ಒಬ್ಬ ಆಜನ್ಮ ವೈರಿ ಇರಬೇಕೆಂದು ನಿಶ್ಚಯಿಸಿ, ಸುಮಾರು ಸಾವಿರ ಮೈಲಿ ದೂರದ ಸೆಂಟ್ರಲ್ ಫ್ಲಾರಿಡ ವಿಶ್ವವಿದ್ಯಾಲಯವನ್ನು ಆ ಹುದ್ದೆಗೆ ನೇಮಿಸಿದರು. ಇದಕ್ಕೆ 'ಸಿವಿಲ್ ಕಾನ್‌ಫ್ಲಿಕ್ಟ್' ಎಂದು ನಾಮಕರಣವಾಯಿತು. ಆ ಪದದೊಳಗೆ ಫ್ಲಾರಿಡದ 'ಎಫ್‌ಎಲ್' ಮತ್ತು ಕನೆಕ್ಟಿಕಟ್‌ನ 'ಸಿಟಿ' ಎರಡೂ ಅಡಗಿವೆ ಎಂಬುದೇ ಈ ಹಗೆತನಕ್ಕಿದ್ದ ಏಕೈಕ ಚಾರಿತ್ರಿಕ ಆಧಾರ. ಟ್ರೋಫಿಯೂ ತಯಾರಾಯಿತು. ನೇಮಕಗೊಂಡ ವೈರಿಗೆ ಈ ವಿಷಯದಲ್ಲಿ ಪಾಲಿರಲಿಲ್ಲ. ಆ ವರ್ಷ ಆಡಿದ ಹನ್ನೆರಡು ಪಂದ್ಯಗಳನ್ನೂ ಸೋತ ಸೆಂಟ್ರಲ್ ಫ್ಲಾರಿಡ ತಂಡ ಈ ಪಂದ್ಯವನ್ನೂ ಸಹಜವಾಗಿಯೇ ಸೋತು, ಯಾವ ದುಃಖವನ್ನೂ ತೋರದೆ ಮನೆಗೆ ಹೋಯಿತು. ಮರುವರ್ಷ ಅದೇ ತಂಡ 24–16ರಿಂದ ಗೆದ್ದಿತು, ಗೆದ್ದು ಟ್ರೋಫಿಯನ್ನು ಅಲ್ಲೇ ಮೈದಾನದ ಅಂಚಿನಲ್ಲಿ ಬಿಟ್ಟು ವಿಮಾನ ಹತ್ತಿತು. ಕರೆಯದೆ ಮನೆಗೆ ಬಂದ ದತ್ತುಪತ್ರಕ್ಕೆ ಇದಕ್ಕಿಂತ ಸಭ್ಯವಾದ ಉತ್ತರ ನನಗೆ ಹೊಳೆಯುವುದಿಲ್ಲ.

ಟ್ರೋಫಿಗೆ ಬೆಲೆ ಬರುವುದು ಲೋಹದಿಂದಲ್ಲ. ಮಿಷಿಗನ್ ಮತ್ತು ಮಿನೆಸೋಟ ಕಾದಾಡುವುದು 1903ರಲ್ಲಿ ಮಿಷಿಗನ್‌ನವರು ಮರೆತು ಬಿಟ್ಟುಹೋದ ಮೂವತ್ತು ಸೆಂಟಿನ ಒಂದು ನೀರಿನ ಹೂಜಿಗಾಗಿ. 'ಬೇಕಾದರೆ ಗೆದ್ದು ತೆಗೆದುಕೊಳ್ಳಿ' ಎಂದು ಮಿನೆಸೋಟದವರು ಅಂದದ್ದೇ ತಡ, ಅಂಗಡಿಯಲ್ಲಿ ಹೊಸದನ್ನು ಕೊಳ್ಳಬಹುದೆಂಬ ವಿವೇಕ ಯಾರಿಗೂ ಬರಲಿಲ್ಲ, ಬರಬಾರದು ಕೂಡ. ಅದೇ ಮಿನೆಸೋಟ ಅಯೋವದೊಂದಿಗೆ ಆಡುವುದು ಒಂದು ಕಂಚಿನ ಹಂದಿಗಾಗಿ. 1935ರಲ್ಲಿ ಎರಡು ರಾಜ್ಯಗಳ ಗವರ್ನರುಗಳು ಜೀವಂತ ಹಂದಿಯೊಂದನ್ನು ಪಣಕ್ಕಿಟ್ಟದ್ದು ಅದರ ಮೂಲ.

ಕನ್ಸಾಸ್ ಮತ್ತು ಮಿಸೌರಿಗಳಿಗೆ ಟ್ರೋಫಿಯ ಅಗತ್ಯವೂ ಇಲ್ಲ. 1960ರ ಪಂದ್ಯವನ್ನು ಗೆದ್ದವರು ಯಾರು ಎಂಬ ಬಗ್ಗೆ ಎರಡೂ ವಿಶ್ವವಿದ್ಯಾಲಯಗಳ ದಾಖಲೆಗಳು ಇಂದಿಗೂ ಬೇರೆ ಬೇರೆ ಉತ್ತರ ಕೊಡುತ್ತವೆ. ಮೈದಾನದಲ್ಲಿ ಕನ್ಸಾಸ್ ಗೆದ್ದಿತ್ತು, ಆಮೇಲೆ ಅನರ್ಹ ಆಟಗಾರನನ್ನು ಆಡಿಸಿದ್ದಕ್ಕೆ ಗೆಲುವು ರದ್ದಾಯಿತು, ರದ್ದಾದದ್ದನ್ನು ಕನ್ಸಾಸ್ ಒಪ್ಪಲಿಲ್ಲ. ಹಿಸ್ಸೆ ಪತ್ರದ ಎರಡು ಪ್ರತಿಗಳಲ್ಲಿ ಎರಡು ಅಳತೆಗಳಿರುವ ಮನೆಗಳನ್ನು ಕಂಡ ನಮಗೆ ಇದರಲ್ಲಿ ವಿಶೇಷವೇನೂ ಕಾಣದು.

ಇಂಥ ಪಿತ್ರಾರ್ಜಿತ ಹಗೆಗಳನ್ನು ಹಣಕ್ಕಾಗಿ ಕೈಬಿಟ್ಟವರೂ ಇದ್ದಾರೆ. 1894ರಿಂದ ಆಡುತ್ತಿದ್ದ ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ತಂಡಗಳು, ಎರಡನೆಯದು ಹೆಚ್ಚು ವರಮಾನದ ಒಕ್ಕೂಟಕ್ಕೆ ಹೋದ ಕಾರಣ, 2011ರ ನಂತರ ಹದಿಮೂರು ವರ್ಷ ಮುಖಾಮುಖಿಯಾಗಲಿಲ್ಲ. ಆದರೆ ಎರಡೂ ತಂಡಗಳ ಹಾಡುಗಳಲ್ಲಿ ಇನ್ನೊಂದು ತಂಡದ ಪ್ರಸ್ತಾಪವಿದೆ. ಹೀಗಾಗಿ ಆ ಹದಿಮೂರು ವರ್ಷವೂ ಬೇರಾರೊಂದಿಗೋ ಆಡುತ್ತಾ, ಎದುರಿಗಿಲ್ಲದವರನ್ನು ಹೀಯಾಳಿಸಿ ಹಾಡುತ್ತಾ ಕಳೆದರು. ಈ ನಡುವೆ ಎ ಅಂಡ್ ಎಂ ತನ್ನ ಕೋಚ್‌ನನ್ನು 2023ರಲ್ಲಿ ಮನೆಗೆ ಕಳಿಸಿ, ಇನ್ನು ಮುಂದೆ ತರಬೇತಿ ಕೊಡದಿರುವುದಕ್ಕಾಗಿ ಸುಮಾರು 7.6 ಕೋಟಿ ಡಾಲರ್ ಕೊಡಲು ಒಪ್ಪಿತು. ಮೂವತ್ತನಾಲ್ಕು ಡಾಲರಿಗೆ ನಲವತ್ತೊಂದು ವರ್ಷ ಮುನಿಸಿಕೊಂಡ ಅಲಬಾಮದ ಹಿರಿಯರು ಇದನ್ನು ನೋಡಲು ಇರಲಿಲ್ಲವೆಂಬುದೇ ಸಮಾಧಾನ.

2024ರ ನವೆಂಬರ್ ಕೊನೆಯಲ್ಲಿ ನಾನು ಒಹಾಯೊದ ಕೊಲಂಬಸ್‌ನಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದೆ. ದಾವಣಗೆರೆಯಲ್ಲಿ ಬೆಳೆದು, ಒಹಾಯೊ ಸ್ಟೇಟ್‌ನಲ್ಲಿ ಎಂ.ಎಸ್. ಮಾಡಿದ ಗಂಭೀರ ಸ್ವಭಾವದ ಹುಡುಗ. ನಾನು ಕೊಂಡೊಯ್ದ ಮೈಸೂರು ಪಾಕಿನ ಡಬ್ಬಿಯನ್ನು ಅವನು ಬಿಚ್ಚುವ ಮೊದಲು ಡ್ರಾಯರಿನಿಂದ ಕೆಂಪು ಟೇಪ್ ತೆಗೆದು, ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಹೆಸರಿನ ಮೊದಲ ಅಕ್ಷರಕ್ಕೆ ಅಡ್ಡಡ್ಡವಾಗಿ ಎರಡು ಪಟ್ಟಿ ಅಂಟಿಸಿದ. 'ಈ ವಾರ ಆ ಅಕ್ಷರ ನಮ್ಮೂರಲ್ಲಿ ಇರಂಗಿಲ್ಲ ಮಾವ' ಎಂದ. ಹೊರಗೆ ಹೋಗಿ ನೋಡಿದರೆ ವಿಶ್ವವಿದ್ಯಾಲಯದ ಫಲಕಗಳಲ್ಲೆಲ್ಲ 'ಎಂ' ಅಕ್ಷರದ ಮೇಲೆ ಹೀಗೆಯೇ ಕೆಂಪು ಕತ್ತರಿ ಗುರುತು. ಅಕ್ಕನ ಮಗನ ಸ್ವಂತ ಹೆಸರೂ ಅದೇ ಅಕ್ಷರದಿಂದ ಆರಂಭವಾಗುತ್ತದೆ. ಅಂಚೆಪೆಟ್ಟಿಗೆಯ ಮೇಲಿನ ತನ್ನ ಹೆಸರಿಗೂ ಅವನು ಟೇಪ್ ಹಚ್ಚಿದ್ದ. ಅದೇ ಬೀದಿಯ ಮೂರನೇ ಮನೆಯಲ್ಲಿ ಮಿಷಿಗನ್‌ನಲ್ಲಿ ಓದಿದ ಹುಬ್ಬಳ್ಳಿಯವರೊಬ್ಬರಿದ್ದಾರೆ. ಆ ತಿಂಗಳ ಆರಂಭದಲ್ಲಿ ರಾಜ್ಯೋತ್ಸವಕ್ಕೆ ಇಬ್ಬರೂ ಸೇರಿ ಬಿಸಿಬೇಳೆಬಾತ್ ಮಾಡಿ ಬಡಿಸಿದ್ದರಂತೆ. ಈಗ ಮಾತಿಲ್ಲ.

ನವೆಂಬರ್ 30ರ ಪಂದ್ಯಕ್ಕೆ ಮುನ್ನ ಒಹಾಯೊ ಸ್ಟೇಟ್ ದೇಶದಲ್ಲಿ ಎರಡನೇ ಶ್ರೇಯಾಂಕದಲ್ಲಿತ್ತು. ಮಿಷಿಗನ್ ಆಗಲೇ ಐದು ಪಂದ್ಯ ಸೋತು ಸುಣ್ಣವಾಗಿತ್ತು. ತಜ್ಞರ ಕೋಷ್ಟಕದ ಪ್ರಕಾರ ಅದು ಪಂದ್ಯವೇ ಅಲ್ಲ. ಮಿಷಿಗನ್ 13–10ರಿಂದ ಗೆದ್ದಿತು. ಗೆದ್ದವರು ಮೈದಾನದ ನಡುವೆ ತಮ್ಮ ಬಾವುಟ ನೆಡಲು ಹೋದರು, ಸೋತವರು ಮೇಲೆ ಬಿದ್ದರು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು, ಒಕ್ಕೂಟ ಎರಡೂ ವಿಶ್ವವಿದ್ಯಾಲಯಗಳಿಗೆ ತಲಾ ಒಂದು ಲಕ್ಷ ಡಾಲರ್ ದಂಡ ಹಾಕಿತು. ಕೆಲವೇ ದಿನಗಳಲ್ಲಿ ಒಹಾಯೊದ ಶಾಸಕರೊಬ್ಬರು, ಆ ಕ್ರೀಡಾಂಗಣದಲ್ಲಿ ಪಂದ್ಯದ ದಿನ ಬಾವುಟ ನೆಡುವುದನ್ನು ಘೋರ ಅಪರಾಧವೆಂದು ಸಾರುವ ಮಸೂದೆಯನ್ನು ಮಂಡಿಸಿದರು. ಟೊಲೀಡೊದ ಬದುವನ್ನು ಕಾಯಲು ದಂಡು ಕಟ್ಟಿದ್ದ ಪೂರ್ವಜರ ರಕ್ತ ಆರಿಲ್ಲ.

ಆದರೆ ಒಹಾಯೊ ಸ್ಟೇಟ್‌ನ ಆ ವರ್ಷ ಅಲ್ಲಿಗೆ ಮುಗಿಯಲಿಲ್ಲ. ಹೊಸದಾಗಿ ಹನ್ನೆರಡು ತಂಡಗಳಿಗೆ ಹಿಗ್ಗಿಸಿದ ಪ್ಲೇಆಫ್‌ನಲ್ಲಿ ಅವಕಾಶ ಪಡೆದು, ಎದುರಾದವರನ್ನೆಲ್ಲ ಸೋಲಿಸಿ, 2025ರ ಜನವರಿ 20ರಂದು ನೋಟರ್ ಡೇಮ್ ವಿರುದ್ಧ 34–23ರಿಂದ ಗೆದ್ದು ಅದು ರಾಷ್ಟ್ರೀಯ ಚಾಂಪಿಯನ್ ಆಯಿತು. ಅಷ್ಟು ಹೊತ್ತಿಗೆ ನಾನು ಊರಿಗೆ ಮರಳಿದ್ದೆ. ಅಭಿನಂದಿಸಲೆಂದು ಫೋನ್ ಮಾಡಿದರೆ ಅಕ್ಕನ ಮಗನ ದನಿಯಲ್ಲಿ ಉತ್ಸಾಹವಿರಲಿಲ್ಲ. ಹುಬ್ಬಳ್ಳಿಯವರು ಬೆಳಿಗ್ಗೆಯೇ ಮನೆಗೆ ಬಂದು, ಕೈಕುಲುಕಿ, 'ಛಲೋ ಆತ್ರಿ, ಭಾಳ ಸಂತೋಷ' ಎಂದು ಹೇಳಿ, ಧಾರವಾಡ ಪೇಡೆಯ ಡಬ್ಬಿಯೊಂದನ್ನು ಕೊಟ್ಟು ಹೋಗಿದ್ದರಂತೆ. ಇದರಲ್ಲಿ ಬೇಜಾರು ಪಡುವಂಥದ್ದೇನಿದೆ ಎಂದು ಕೇಳಿದೆ.

'ಡಬ್ಬಿ ಮಧ್ಯ ಒಂದು ರಟ್ಟು ಅಡ್ಡ ಇಟ್ಟು ಎರಡು ಭಾಗ ಮಾಡವ್ರೆ ಮಾವ' ಎಂದ. 'ಎಣಿಸಿ ನೋಡ್ದೆ. ಆ ಕಡೆ ಹದಿಮೂರು, ಈ ಕಡೆ ಹತ್ತು.'